ರೈಫಲಿಗೆ ಹೊಸ ಹಿಡಿ

ರೈಫಲಿನ ಹಿಡಿ ಅಂಟಂಟಾಗಿದೆ ಅಂತ ಮೊದಲು ದೂರಿದ್ದು ನಮ್ಮ ಕ್ಲಬ್ಬಿಗೆ ಕಲಿಯಲಿಕ್ಕೆ ವಾರವಾರವೂ ಬರುವ ಒಬ್ಬ ರಷ್ಯನ್ ಹೆಂಗಸು. ಗುಂಡು ಹೊಡೆದು ಮುಗಿಸಿ, ರೈಫಲನ್ನು ಮೇಜಿನ ಮೇಲಿಟ್ಟು, ಅಂಗೈಯನ್ನು ನನ್ನ ಮುಖದ ಹತ್ತಿರ ತಂದು ತೋರಿಸಿದಳು. ಹಲಸಿನ ಮೇಣ ಮುಟ್ಟಿದವರ ಕೈಯ ಹಾಗೆ ಕಪ್ಪಗೆ ಮೆತ್ತಿಕೊಂಡಿತ್ತು. ನಾನು ಟಿಶ್ಯೂ ಕೊಟ್ಟೆ, ಸಾರಿ ಹೇಳಿದೆ, ಒಳಗೆ ಹೋಗಿ ಬಾಯಿಗೆ ಬಂದ ಹಾಗೆ ಬಯ್ದೆ. ಯಾರನ್ನು ಅಂತ ಕೇಳಬೇಡಿ. ನನಗೆ ಬಯ್ಯಲಿಕ್ಕೆ ಎದುರಿಗೆ ಜನ ಬೇಕು ಅಂತೇನಿಲ್ಲ.

ದುಬೈ ಪೇಟೆಯಿಂದ ಹೊರಗೆ, ಮರಳಿನ ನಡುವೆ ಇರುವ ಈ ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಆಯುಧದ ಕೋಣೆ ನೋಡಿಕೊಳ್ಳುವವನು. ಬಂದೂಕು ಬಿಚ್ಚುವುದು, ಒರೆಸುವುದು, ಮತ್ತೆ ಕೂಡಿಸುವುದು, ಬೀಗ ಹಾಕುವುದು. ಉಡುಪಿ ಕಡೆಯ ನೆಂಟರು ದುಬೈಯಲ್ಲಿ ಎಂತ ಕೆಲಸ ಅಂತ ಕೇಳಿದರೆ ಮೆಕ್ಯಾನಿಕ್ ಅಂತ ಹೇಳಿ ಸುಮ್ಮನಾಗುತ್ತೇನೆ. ಬಂದೂಕು ಅಂದ ಕೂಡಲೇ ಅವರಿಗೆ ನಾನು ಯಾವುದೋ ಶೇಖನ ಅಂಗರಕ್ಷಕ ಅನ್ನಿಸಿಬಿಡುತ್ತದೆ. ಆಮೇಲೆ ಅದನ್ನು ತಿದ್ದುವುದಕ್ಕೆ ಇನ್ನೊಂದು ಮದುವೆ ಮನೆಯೇ ಬೇಕು.

ದೂರು ಬಂದದ್ದು ಸೆಮಿ-ಆಟೋಮ್ಯಾಟಿಕ್ ರೈಫಲುಗಳ ಬಗ್ಗೆ. ಅಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹೋಗುತ್ತದೆ, ಮುಂದಿನದು ತಾನೇ ಬಂದು ಕೂರುತ್ತದೆ. ಟ್ರಿಗರಿನ ಹಿಂದೆ ಕೆಳಮುಖವಾಗಿ ಒಂದು ಹಿಡಿ ಇರುತ್ತದೆ, ಬಲಗೈ ಪೂರ್ತಿ ಅದನ್ನೇ ನಂಬಿರುತ್ತದೆ. ನಮ್ಮಲ್ಲಿದ್ದದ್ದು ರಬ್ಬರಿನ ಹಿಡಿಗಳು. ಮ್ಯಾನೇಜರ್ ಬಂದು ಒಂದನ್ನು ಮುಟ್ಟಿ ನೋಡಿ, 'ಬಿಸಿಲಿಗೆ ರಬ್ಬರ್ ಹೋಗಿದೆ, ಎಲ್ಲ ಬದಲಿಸು' ಅಂದರು. ಅವರು ಜೋರ್ಡಾನಿನವರು, ಹಿಂದೆ ಸೈನ್ಯದಲ್ಲಿ ಇದ್ದವರು, ಮಾತು ಕಡಿಮೆ. ಹೋಗುವ ಮುಂಚೆ ಇನ್ನೂ ಒಂದು ಮಾತು ಸೇರಿಸಿದರು. ಹೊಸ ಹಿಡಿ ಬಂದ ಮೇಲೆ ಕಲಿಸುವವರೆಲ್ಲರೂ ಅದರಲ್ಲಿ ಮತ್ತೊಮ್ಮೆ ಪರೀಕ್ಷೆ ಕೊಡಬೇಕು. ಪಾಸಾಗದವರಿಗೆ ಗುಂಡು ಹೊಡೆಯುವ ರೇಂಜಿನಲ್ಲಿ ಕೆಲಸವಿಲ್ಲ, ಸ್ಟೋರಿಗೆ ಹೋಗಬೇಕು.

ಕಲಿಸುವವರಲ್ಲಿ ಒಬ್ಬ ನನ್ನ ಹೆಂಡತಿಯ ತಮ್ಮ.

ಅವನ ಕಥೆ ಇಷ್ಟು. ಅಬುಧಾಬಿಯ ಮುಸಫ್ಫಾದಲ್ಲಿ ಒಂದು ವರ್ಕ್‌ಶಾಪಿನಲ್ಲಿ ತಗಡು ಕತ್ತರಿಸುವ ಮಷಿನ್ ನಡೆಸುತ್ತಿದ್ದ. ಕಳೆದ ಮಳೆಗಾಲದಲ್ಲಿ (ಇಲ್ಲಿ ಎಲ್ಲಿಯ ಮಳೆ, ಊರಿನ ಲೆಕ್ಕದಲ್ಲಿ ಹೇಳುತ್ತಿದ್ದೇನೆ) ಬಲಗೈಯ ಕಿರುಬೆರಳು, ಅದರ ಪಕ್ಕದ ಉಂಗುರದ ಬೆರಳು, ಎರಡೂ ನಡುಗಂಟಿನಿಂದ ಮೇಲೆ ಹೋದವು. ಗಾಯ ವಾಸಿಯಾದ ಮೇಲೆ ನಾನು ಅವನನ್ನು ನಮ್ಮ ಕ್ಲಬ್ಬಿಗೆ ತಂದೆ. ಕಾಲೇಜಿನಲ್ಲಿ ಕೆಡೆಟ್ ಆಗಿ ರೈಫಲ್ ಹೊಡೆದು ಕಪ್ ಗೆದ್ದವನು, ಗುರಿ ಚೆನ್ನಾಗಿತ್ತು, ಅದಕ್ಕಿಂತ ಹೆಚ್ಚು ತಾಳ್ಮೆ ಇತ್ತು. ಹೊಸಬರಿಗೆ ಕಲಿಸುವುದಕ್ಕೆ ತಾಳ್ಮೆಯೇ ಬೇಕಾದದ್ದು. ನನ್ನಂಥವನು ಕಲಿಸಿದರೆ ಅವರು ಗುರಿಹಲಗೆ ಬಿಟ್ಟು ನನಗೇ ಹೊಡೆದಾರು.

ಕಲಿಸುವವನ ಹುದ್ದೆ ಸಿಕ್ಕಿದ್ದರಿಂದ ಅವನ ಸಂಬಳ ಫ್ಯಾಮಿಲಿ ವೀಸಾಕ್ಕೆ ಸಾಲುವಷ್ಟಾಯಿತು. ಹೆಂಡತಿ ಮತ್ತು ಮಗುವಿಗೆ ಅರ್ಜಿ ಹಾಕಿ ಆಗಿತ್ತು. ಮಗು ಹುಟ್ಟಿದ್ದು ಅವನು ರಜೆ ಮುಗಿಸಿ ಬಂದ ಮೇಲೆ. ಇನ್ನೂ ಕೈಯಲ್ಲಿ ಎತ್ತಿಕೊಂಡವನಲ್ಲ. ಸ್ಟೋರಿಗೆ ಹಾಕಿದರೆ ಆ ಸಂಬಳವೂ ಇಲ್ಲ, ವೀಸಾವೂ ಇಲ್ಲ.

ಇನ್ನೊಂದು ವಿಷಯ ಉಂಟು. ಬೆರಳು ಹೋದದ್ದನ್ನು ಅವನು ಊರಿಗೆ ಹೇಳಿರಲಿಲ್ಲ. ಹೆಂಡತಿಗೂ ಇಲ್ಲ. ಇದರಲ್ಲಿ ವಿಶೇಷ ಏನೂ ಇಲ್ಲ, ಗಲ್ಫಿನಲ್ಲಿರುವ ನಮ್ಮವರೆಲ್ಲ ಹೀಗೆಯೇ. ಜ್ವರ ಬಂದರೆ ಬಿಟ್ಟ ಮೇಲೆ ಹೇಳುತ್ತೇವೆ, ಕೆಲಸ ಹೋದರೆ ಇನ್ನೊಂದು ಸಿಕ್ಕಿದ ಮೇಲೆ ಹೇಳುತ್ತೇವೆ. ಅಲ್ಲಿರುವವರು ಕೇಳಿ ಎಂತ ಮಾಡುವುದು, ಅಳುವುದು ಅಷ್ಟೇ ಅಲ್ವಾ. ದಿನಾ ಸಂಜೆ ವೀಡಿಯೋ ಕಾಲ್ ಮಾಡುವಾಗ ಅವನು ಫೋನನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಅದನ್ನು ನೋಡಲಾಗದೆ ಅಡಿಗೆಕೋಣೆಗೆ ಹೋಗುತ್ತಿದ್ದಳು.

ಇರಲಿ, ಹಿಡಿಗೆ ಬರುತ್ತೇನೆ. ಬಿಸಿಲಿಗೆ ರಬ್ಬರ್ ಹೋಗಿದೆ ಅಂತ ಮ್ಯಾನೇಜರ್ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಬಿಸಿಲು ಎಲ್ಲಿಂದ ಬರಬೇಕು? ಆಯುಧದ ಕೋಣೆಯಲ್ಲಿ ಹಗಲೂ ರಾತ್ರಿ ಏಸಿ ಓಡುತ್ತದೆ, ನಾನು ಒಳಗೆ ಸ್ವೆಟರ್ ಹಾಕಿಕೊಂಡು ಕೂರುತ್ತೇನೆ. ಎಲ್ಲ ರೈಫಲುಗಳನ್ನು ಸಾಲಾಗಿ ಇಟ್ಟು ಒಂದೊಂದೇ ಮುಟ್ಟಿದೆ. ಅಂಟಾಗಿದ್ದದ್ದು ಹೊಸಬರಿಗೆ ಕಲಿಸುವ ರೈಫಲುಗಳು ಮಾತ್ರ. ಉಳಿದವು ಗಟ್ಟಿಯಾಗಿ ಚೆನ್ನಾಗಿಯೇ ಇದ್ದವು. ಒಂದನ್ನು ಮೂಗಿನ ಹತ್ತಿರ ಹಿಡಿದೆ. ತೆಂಗಿನೆಣ್ಣೆ. ನಮ್ಮ ಮನೆಯ ಬಾತ್‌ರೂಮಿನ ವಾಸನೆ.

ಮರುದಿನ ಡ್ಯೂಟಿಗೆ ಮುಂಚೆ ಪ್ಯಾಂಟ್ರಿಯಲ್ಲಿ ನೋಡಿದರೆ ಹೆಂಡತಿಯ ತಮ್ಮ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಮೋಟು ಬೆರಳುಗಳಿಗೆ ಎಣ್ಣೆ ತಿಕ್ಕುತ್ತಿದ್ದ. ನಾನು ಬಾಗಿಲಲ್ಲಿ ನಿಂತೆ.

'ಎಂತ ಮಾರಾಯ ಅದು?'

'ಎಣ್ಣೆ ಭಾವ. ಚರ್ಮ ಎಳೀತದೆ.'

'ಚರ್ಮ ಎಳೆಯುವುದಾ, ನೋಯುವುದಾ?'

ಅವನು ಬಾಟಲಿಯ ಮುಚ್ಚಳ ತಿರುಗಿಸಿದ. ರೈಫಲಿನ ರಬ್ಬರ್ ಹಿಡಿಯಲ್ಲಿ ಬೆರಳು ಕೂರಲಿಕ್ಕೆ ಅಂತ ಏಣುಗಳು, ಅಂದರೆ ಉಬ್ಬುಗೆರೆಗಳು ಇದ್ದವು. ಒಂದು ಏಣು ಸರಿಯಾಗಿ ಮೋಟಿನ ತುದಿಗೇ ಒತ್ತುತ್ತಿತ್ತಂತೆ. ಇದನ್ನು ಅವನ ಬಾಯಿಯಿಂದ ಹೊರಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆಮೇಲೆ ತಾನೇ ಇನ್ನೊಂದು ಹೇಳಿದ. ಕೈಯಲ್ಲಿ ಉಳಿದ ಎಣ್ಣೆಯನ್ನು ಅವನು ರೈಫಲಿನ ಹಿಡಿಗೂ ಒರೆಸುತ್ತಿದ್ದನಂತೆ.

'ರಬ್ಬರಿಗೆ ಎಣ್ಣೆಯಾ? ನಿನ್ನ ತಲೆ ಸರಿ ಉಂಟಾ?'

'ಮನೆಯ ಕೋವಿಗೆ ಅಪ್ಪ ಅದನ್ನೇ ಹಚ್ಚುದಲ್ವಾ ಭಾವ, ಆಯುಧ ಪೂಜೆಗೆ. ಒಳ್ಳೇದು ಅಂತ ಮಾಡಿದ್ದು.'

ಕೋವಿಯ ಹಿಂಬದಿ ಮರದ್ದು ಮಾರಾಯ, ಮರ ಎಣ್ಣೆ ಕುಡಿಯುತ್ತದೆ, ರಬ್ಬರ್ ಕುಡಿದು ಸಾಯುತ್ತದೆ ಅಂತ ನಾನು ಅಲ್ಲಿಯೇ ಒಂದು ಭಾಷಣ ಮಾಡಿದೆ. ಅವನು ತಲೆ ತಗ್ಗಿಸಿ ಕೇಳಿದ. ಬಯ್ದು ಮುಗಿದ ಮೇಲೆ ನನಗೆ ಪಾಪ ಅನ್ನಿಸಿತು. ಇಷ್ಟು ದಿನ ಅದೇ ಕೈಯಲ್ಲಿ, ಮುಖ ಸ್ವಲ್ಪವೂ ಹುಳಿ ಮಾಡದೆ, ಬಂದವರಿಗೆಲ್ಲ ನಿಧಾನ, ನಿಧಾನ ಅಂತ ಕಲಿಸಿದ್ದಾನೆ. ಬೆರಳಿಲ್ಲ ಅನ್ನುವುದು ಕ್ಲಬ್ಬಿಗೆ ಗೊತ್ತಿತ್ತು. ಇನ್ನೂ ನೋಯುತ್ತದೆ ಅನ್ನುವುದು ಗೊತ್ತಾದರೆ ಪರೀಕ್ಷೆಯೂ ಬೇಡ, ಸೀದಾ ಸ್ಟೋರಿಗೆ.

ಅಷ್ಟರಲ್ಲಿ ಡೀಲರ್ ಕಡೆಯಿಂದ ಸ್ಯಾಂಪಲ್ ಹಿಡಿಗಳು ಬಂದವು. ಮೇಜಿನ ಮೇಲೆ ಹರಡಿದೆ. ಒಂದರ ಮೈ ತೆಂಗಿನಕಾಯಿ ತುರಿಯುವ ಮಣೆಯ ಹಾಗೆ ಒರಟು, ಬೆವರಿದರೂ ಜಾರುವುದಿಲ್ಲವಂತೆ. ಜಾರುವುದೇನೋ ಇಲ್ಲ, ಚರ್ಮವೂ ಉಳಿಯುವುದಿಲ್ಲ. ಇನ್ನೊಂದು ತೆಳ್ಳಗೆ, ನೆಟ್ಟಗೆ, ಮಕ್ಕಳ ಕೈಗೆ ಸರಿ. ಇನ್ನೊಂದರ ಒಳಗೆ ಟೊಳ್ಳು, ಕೆಳಗೆ ಮುಚ್ಚಳ, ಸಾಮಾನು ಇಡಬಹುದು ಅಂತ ಬರೆದಿತ್ತು. ಎಂತ ಇಡುವುದು, ಎಲೆ ಅಡಿಕೆಯಾ? ಮ್ಯಾನೇಜರ್ ಕಣ್ಣು ಬಿದ್ದದ್ದು ಮರಳು ಬಣ್ಣದ ರಬ್ಬರ್ ಹಿಡಿಯ ಮೇಲೆ. ಮೆತ್ತಗೆ, ಚಂದ, ಮತ್ತೆ ಅದೇ ಬೆರಳಿನ ಏಣುಗಳು. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಅಂದರು. ಈ ಏಣು ಕಂಡುಹಿಡಿದವನಿಗೆ ಲೋಕದಲ್ಲಿ ಎಲ್ಲರ ಕೈಯೂ ತನ್ನ ಕೈಯ ಹಾಗೇ ಇರುತ್ತದೆ ಅಂತ ಹೇಳಿದ್ದು ಯಾರೋ. ಪೆಟ್ಟಿಗೆಯ ತಳದಲ್ಲಿ ಕೊನೆಯದೊಂದು ಇತ್ತು. ಕಪ್ಪು ಪ್ಲಾಸ್ಟಿಕ್, ಗಟ್ಟಿ, ಏಣಿಲ್ಲ, ಮೇಲೆ ತೆಳು, ಕೆಳಕ್ಕೆ ಹೋದ ಹಾಗೆ ದಪ್ಪ. ಅದನ್ನು ಯಾರೂ ಎತ್ತಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಹೆಂಡತಿಯ ತಮ್ಮನ ಕೈಗೆ ಯಾವುದು ಸರಿ ಅಂತ ಅವನನ್ನೇ ಕರೆದು ಒಂದೊಂದನ್ನೇ ಹಿಡಿಸಿ ನೋಡುವ ಹಾಗಿರಲಿಲ್ಲ. ಹಿಡಿಯುವಾಗ ಅವನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು, ಮತ್ತೆ ಆ ಕೋಣೆಯಲ್ಲಿ ಯಾವಾಗಲೂ ಜನ. ಮನೆಗೆ ತರುವ ಅಂದರೆ ಅದೂ ಆಗದು. ಆಯುಧದ ಒಂದು ಸ್ಕ್ರೂ ಕೂಡ ಕ್ಲಬ್ಬಿನ ಗೇಟು ದಾಟಬಾರದು. ದಾಟಿದರೆ ಈ ದೇಶದಲ್ಲಿ ನನ್ನ ಕಥೆ ಖಲಾಸ್.

ನಮ್ಮ ರಜೆ ಸೋಮವಾರ. ಇಂಟರ್‌ನ್ಯಾಷನಲ್ ಸಿಟಿ ಅನ್ನುವ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹಾಲಿನ ಅರ್ಧಕ್ಕೆ ಪರದೆ ಕಟ್ಟಿ ಅವನಿಗೆ ಜಾಗ ಮಾಡಿಕೊಟ್ಟಿದ್ದೆವು. ಆ ಸೋಮವಾರ ಬಂಗುಡೆ ತಂದಿದ್ದೆ. ಮೀನು ಕೊಯ್ಯುವುದು ಅವನ ಕೆಲಸ, ಯಾರು ಬೇಡ ಅಂದರೂ ಬಿಡುವುದಿಲ್ಲ. ಸಿಂಕಿನ ಹತ್ತಿರ ನಿಂತು ಚಕಚಕ ಕೊಯ್ಯುತ್ತಿದ್ದ. ನನ್ನ ಹೆಂಡತಿ ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಾ ಗೊಣಗುತ್ತಿದ್ದಳು.

'ಆ ಕತ್ತಿಗೆ ಸುತ್ತಿದ ಬಟ್ಟೆ ಬಿಚ್ಚು ಅಂತ ಎಷ್ಟು ಸಲ ಹೇಳುದು? ನಾರ್ತದೆ. ಹೇಳಿ ನೀವಾದ್ರೂ.'

ನೋಡಿದೆ. ಕತ್ತಿಯ ಹಿಡಿಯ ಕೆಳಗಿನ ಅರ್ಧಕ್ಕೆ ಮಾತ್ರ ಹಳೆ ಬನಿಯನ್ನಿನ ಬಟ್ಟೆ ಸುತ್ತಿ ದಪ್ಪ ಮಾಡಿದ್ದ. ಮೇಲಿನ ಅರ್ಧ ಬರಿದು. ಅಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಗಟ್ಟಿಯಾಗಿ ಹಿಡಿದಿದ್ದವು. ಕೆಳಗೆ ಮೋಟು ಬೆರಳುಗಳು ಬಟ್ಟೆಯ ಮೇಲೆ ಸುಮ್ಮನೆ ಒರಗಿಕೊಂಡಿದ್ದವು. ಕತ್ತಿಯನ್ನು ಇಸಿದುಕೊಂಡು ಹಿಡಿದು ನೋಡಿದೆ. ನನ್ನ ಕೈಗೆ ಅದು ವಿಚಿತ್ರವಾಗಿತ್ತು. ಅವನ ಕೈಗೆ ಹಾಗಲ್ಲ. ತೆಳು ಹಿಡಿಯಾದರೆ ಗಿಡ್ಡ ಬೆರಳು ಅದನ್ನು ಮುಟ್ಟುವುದೇ ಇಲ್ಲ, ತುದಿಯನ್ನು ಎಳೆದು ಒತ್ತಬೇಕು. ದಪ್ಪವಾದರೆ ಹಿಡಿಯೇ ಬೆರಳಿನ ಹತ್ತಿರ ಬರುತ್ತದೆ. ಅಷ್ಟೇ ವಿಷಯ. ಪೆಟ್ಟಿಗೆಯ ತಳದಲ್ಲಿದ್ದ ಆ ಕಪ್ಪು ಪ್ಲಾಸ್ಟಿಕ್ಕಿನದ್ದು ನನಗೆ ಆಗ ಕಣ್ಣೆದುರು ಬಂತು.

'ಬಟ್ಟೆ ಇರಲಿ ಬಿಡು,' ಅಂದೆ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಆ ದಿನ ನನ್ನ ಪಾಲಿಗೆ ಬಂದದ್ದು ಮೀನಿನ ತಲೆ ಮಾತ್ರ.

ಮರುದಿನ ಮ್ಯಾನೇಜರ್ ಮುಂದೆ ಹೋಗಿ ವಾದಕ್ಕೆ ನಿಂತೆ. ನನ್ನ ಸಿಟ್ಟು ನನಗೆ ಗೊತ್ತು, ಅದಕ್ಕೆ ದಾರಿಯುದ್ದಕ್ಕೂ ಕಾರಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಇಲ್ಲಿ ಪ್ರತಿ ಮೇಜಿನ ಮೇಲೂ ಸ್ಯಾನಿಟೈಸರ್ ಉಂಟು. ಬರುವವರು ಸನ್‌ಸ್ಕ್ರೀನ್ ಬಳಿದುಕೊಂಡು ಬರುತ್ತಾರೆ, ಅತ್ತರು ಹಚ್ಚಿಕೊಂಡು ಬರುತ್ತಾರೆ. ರಬ್ಬರ್ ಮತ್ತೆ ಅಂಟಾಗುತ್ತದೆ. ಫಿಲಿಪೀನ್ಸಿನ ಸಣ್ಣ ಕೈ, ಜರ್ಮನಿಯ ದೊಡ್ಡ ಕೈ, ಎರಡೂ ಬರುವ ಜಾಗದಲ್ಲಿ ಏಣು ಯಾರ ಅಳತೆಗೆ? ಪ್ಲಾಸ್ಟಿಕ್ ಆದರೆ ಸೋಪು ಹಾಕಿ ತೊಳೆಯಬಹುದು. ಹೇಳಿದ್ದೆಲ್ಲ ನಿಜವೇ. ಹೇಳದೆ ಬಿಟ್ಟದ್ದು ಒಂದೇ.

ಅವರು ಕಪ್ಪು ಹಿಡಿಯನ್ನು ಎತ್ತಿ ಆಚೀಚೆ ತಿರುಗಿಸಿದರು. 'ಇದು ಡ್ರಿಲ್ಲಿಂಗ್ ಮಷಿನ್ನಿನ ಹಾಗೆ ಉಂಟು,' ಅಂದರು.

ಡ್ರಿಲ್ಲಿಂಗ್ ಮಷಿನ್ ದಿನವಿಡೀ ಹಿಡಿಯುವವನನ್ನು ಕೇಳಿ ನೋಡಿ ಅಂತ ಬಾಯಿಯ ತುದಿಗೆ ಬಂದಿತ್ತು, ನುಂಗಿದೆ. ಅದರ ಬದಲು ಅವರ ಮೆಚ್ಚಿನ ಮರಳು ಬಣ್ಣದ ಸ್ಯಾಂಪಲಿಗೆ ಅವರ ಎದುರೇ ಸನ್‌ಸ್ಕ್ರೀನ್ ಬಳಿದೆ, ಕ್ಲಬ್ಬಿನ ತಾರಸಿಯ ಮೇಲೆ ಬಿಸಿಲಿಗೆ ಇಟ್ಟೆ. ಪಕ್ಕದಲ್ಲಿ ಕಪ್ಪು ಪ್ಲಾಸ್ಟಿಕ್ಕಿಗೂ ಬಳಿದು ಇಟ್ಟೆ. ಕೆಲವು ದಿನ ಬಿಟ್ಟು ಎರಡನ್ನೂ ತಂದು ಅವರ ಮೇಜಿನ ಮೇಲೆ ಇಟ್ಟೆ. ಮರಳು ಬಣ್ಣದ್ದನ್ನು ಮುಟ್ಟಿದರು, ಬೆರಳನ್ನು ಕಾಗದಕ್ಕೆ ಒರೆಸಿದರು, ಮತ್ತೊಮ್ಮೆ ಒರೆಸಿದರು.

'ಖಲಾಸ್,' ಅಂದರು. 'ಕಪ್ಪು.'

ಹಿಡಿಗಳು ಬಂದ ದಿನ ನಾನೇ ಕೂತು ಹಾಕಿದೆ. ಕೆಳಗಿನಿಂದ ಒಂದೇ ಸ್ಕ್ರೂ. ಆದರೆ ಹಳೆಯದನ್ನು ತೆಗೆಯುವಾಗ ಒಳಗಿರುವ ಸಣ್ಣ ಸ್ಪ್ರಿಂಗ್ ಹಾರಿದರೆ ಮತ್ತೆ ಸಿಗುವುದಿಲ್ಲ, ಅದಿಲ್ಲದಿದ್ದರೆ ಟ್ರಿಗರಿನ ತಡೆ, ಅಂದರೆ ಸೇಫ್ಟಿ, ನಿಲ್ಲುವುದಿಲ್ಲ. ಉಸಿರು ಬಿಗಿ ಹಿಡಿದು ಮಾಡುವ ಕೆಲಸ. ಅವನು ಪಕ್ಕದಲ್ಲಿ ನಿಂತು ಸ್ಕ್ರೂಗಳನ್ನು ಒಂದೊಂದಾಗಿ ಕೊಡುತ್ತಿದ್ದ.

'ಇದು ನನಗೋಸ್ಕರ ಮಾಡಿದ್ದಾ ಭಾವ?'

'ನಿನಗೋಸ್ಕರ ಯಾಕೆ? ನೀನು ಯಾರು, ಶೇಖನಾ?'

ಅವನು ನಗಲಿಲ್ಲ. ಹಾಕಿ ಮುಗಿದ ಒಂದು ರೈಫಲನ್ನು ಎತ್ತಿ ಹಿಡಿದ. ಮೂರು ಬೆರಳು ಮೇಲೆ ಕೂತವು, ಎರಡು ಮೋಟು ಕೆಳಗಿನ ದಪ್ಪಕ್ಕೆ ಒರಗಿದವು. ಕೆಳಗಿಟ್ಟ. ಎಣ್ಣೆ ರಾತ್ರಿ ಮಲಗುವಾಗ ಹಚ್ಚು, ಬೆಳಿಗ್ಗೆ ಸೋಪು ಹಾಕಿ ತೊಳೆ, ಈ ಗೇಟಿನೊಳಗೆ ಆ ಬಾಟಲಿ ಕಂಡರೆ ನಾನೇ ನಿನ್ನನ್ನು ಊರಿಗೆ ಕಳಿಸುತ್ತೇನೆ ಅಂದೆ. ಆಯಿತು ಭಾವ ಅಂದ.

ಪರೀಕ್ಷೆ ಹೀಗೆ. ರೈಫಲ್ ಖಾಲಿ. ಬಲಗೈ ಒಂದರಲ್ಲೇ ಹಿಡಿಯನ್ನು ಹಿಡಿದು, ಹಿಂಬದಿಯನ್ನು ಭುಜಕ್ಕೆ ಒತ್ತಿ, ನಳಿಗೆಯ ಬಾಯಿ ಗುರಿಯ ಕಡೆಗೇ ಇರಬೇಕು. ಎಡಗೈಯಲ್ಲಿ ಗುಂಡು ತುಂಬುವ ಮ್ಯಾಗಜೀನ್ ತೆಗೆದು ತೋರಿಸಿ ಮೇಜಿನ ಮೇಲಿಡಬೇಕು, ಒಳಗೆ ಗುಂಡಿಲ್ಲ ಅಂತ ತೆರೆದು ತೋರಿಸಬೇಕು. ಸಾಕು ಅನ್ನುವವರೆಗೆ ನಳಿಗೆ ತಗ್ಗಬಾರದು, ಅಲುಗಬಾರದು. ಉಳಿದವರಿಗೆಲ್ಲ ಮ್ಯಾನೇಜರ್ ಬೇಗ ಸಾಕು ಅಂದರು. ಇವನ ಸರದಿ ಬಂದಾಗ ಸಾಕು ಅನ್ನಲೇ ಇಲ್ಲ. ಪಕ್ಕಕ್ಕೆ ಬಂದು ನಿಂತು ಆ ಕೈಯನ್ನೇ ನೋಡಿದರು. ನಾನು ಆಯುಧದ ಕೋಣೆಯ ಗಾಜಿನ ಹಿಂದೆ ನಿಂತಿದ್ದೆ. ಮೈಕಿನಲ್ಲಿ ಎಲ್ಲ ಕೇಳುತ್ತಿತ್ತು.

'ನೋವು ಉಂಟಾ?'

'ನೋ ಸರ್.'

'ನಿಜ ಹೇಳು. ನೋವು ಉಂಟಾ?'

'ನೋ ಸರ್.'

ನಳಿಗೆ ಅಲುಗಲಿಲ್ಲ. ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು, ಆಮೇಲೆ 'ಸಾಕು, ಪಾಸ್. ಯಲ್ಲಾ, ಮುಂದಿನವನು' ಅಂದರು.

ವೀಸಾ ಆದ ಸುದ್ದಿ ಬಂದದ್ದು ಒಂದು ಸಂಜೆ, ಕ್ಲಬ್ಬಿನಿಂದ ಮನೆಗೆ ಬರುವಾಗ, ಅವನ ಫೋನಿಗೆ. ಬಿಲ್ಡಿಂಗಿನ ಕೆಳಗೆ ಪಾರ್ಕಿಂಗ್ ಹುಡುಕಿ ನಿಲ್ಲಿಸುವಷ್ಟರಲ್ಲಿ ನಾನು ಏರ್‌ಪೋರ್ಟಿಗೆ ಯಾರ ದೊಡ್ಡ ಕಾರು ಕೇಳುವುದು, ಪರದೆಯನ್ನು ಎಲ್ಲಿಗೆ ಸರಿಸುವುದು ಅಂತ ಎಲ್ಲ ನಿಶ್ಚಯ ಮಾಡಿ ಆಗಿತ್ತು. ಅವನು ಸೀಟ್ ಬೆಲ್ಟ್ ಬಿಚ್ಚಲೇ ಇಲ್ಲ.

'ಭಾವ, ಟಿಕೆಟ್ ಮಾಡುವ ಮೊದಲು ಅವಳಿಗೆ ಹೇಳ್ಬೇಕು.'

'ಬಂದ ಮೇಲೆ ಹೇಳು ಮಾರಾಯ. ಇಷ್ಟು ದಿನ ಹೇಳದವನು ಈಗ ಹೇಳಿ ಅಲ್ಲಿ ಅಳಿಸುದು ಯಾಕೆ?'

'ಬಂದ ಕೂಡಲೇ ಮಗುವನ್ನು ನನ್ನ ಕೈಗೆ ಕೊಡ್ತಾಳೆ. ಏರ್‌ಪೋರ್ಟಿನಲ್ಲಿ, ಅಷ್ಟು ಜನರ ಎದುರು. ಆಗ ನೋಡುದಾ ಅವಳು?'

ಅವನು ಕಾಲ್ ಮಾಡಿದ. ಅವಳು ಮಗುವನ್ನು ಸೊಂಟದಲ್ಲಿ ಎತ್ತಿಕೊಂಡೇ ಫೋನ್ ತೆಗೆದಳು. ವೀಸಾ ಆಯಿತು ಅಂದ. ಅವಳು ನಕ್ಕಳು, ಹಿಂದೆ ತಿರುಗಿ ಯಾರಿಗೋ ಕೂಗಿ ಹೇಳಿದಳು. 'ಒಂದು ನಿಮಿಷ, ಒಬ್ಬಳೇ ಒಳಗೆ ಬಾ,' ಅಂದ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿದ ಸದ್ದು ಕೇಳಿತು. ಅವನು ಬಲಗೈಯನ್ನು ತೊಡೆಯ ಕೆಳಗಿನಿಂದ ತೆಗೆದು ಫೋನಿನ ಎದುರು ಹಿಡಿದ. ಕಾರಿನ ಒಳಗಿನ ಲೈಟ್ ಹಾಕಿದವನು ನಾನೇ.

ಮಗು ಏನೋ ಸದ್ದು ಮಾಡುತ್ತಿತ್ತು. ನಾನು ಸ್ಟಿಯರಿಂಗ್ ನೋಡುತ್ತಾ ಕೂತೆ.

'ಯಾವಾಗ?' ಅಂತ ಕೇಳಿದಳು.

'ಮಳೆಗಾಲದಲ್ಲಿ.'

ಬಯ್ಯುತ್ತಾಳೆ ಅಂದುಕೊಂಡೆ, ಅಳುತ್ತಾಳೆ ಅಂದುಕೊಂಡೆ.

'ನೋಯ್ತದಾ?' ಅಂದಳು.

ಇದಕ್ಕೆ ಅವನ ಉತ್ತರ ನನಗೆ ಬಾಯಿಪಾಠ ಬರುತ್ತಿತ್ತು. ಡಾಕ್ಟರಿಗೆ ಹೇಳಿದ್ದು ಇಲ್ಲ ಅಂತ, ಅಕ್ಕನಿಗೆ ಹೇಳಿದ್ದು ಇಲ್ಲ ಅಂತ, ಮ್ಯಾನೇಜರಿಗೆ ರೈಫಲ್ ಹಿಡಿದುಕೊಂಡೇ ಎರಡೆರಡು ಸಲ ಇಲ್ಲ ಅಂತ.

'ಹೌದು,' ಅಂದ ಅವನು. 'ತುಂಬ ನೋಯ್ತದೆ.'